ಯೂರೋಪಿಗೆ ಹೋಗಿಬಂದ ತೆಂಗಿನಕಾಯಿ

ಹೊಟ್ಟೆಕಿಚ್ಚಿಗೆ ಆಯುಸ್ಸು ಎಷ್ಟು ಎಂದು ಯಾರಾದರೂ ಕೇಳಿದರೆ ನನ್ನನ್ನು ತೋರಿಸಬಹುದು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಹುಟ್ಟಿದ್ದು ಇನ್ನೂ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದೆ. ಅದನ್ನು ಹುಟ್ಟಿಸಿದವಳು ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಅವಳನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ, ಈಗಲೂ ಹಾಗೇ ಕರೆಯುತ್ತೇನೆ. ಒಳ್ಳೆಯ ಹೆಂಗಸು. ಕಷ್ಟವಿರುವುದೇ ಅಲ್ಲಿ. ಕೆಟ್ಟವಳಾಗಿದ್ದರೆ ನಾಲ್ಕು ಮಾತು ಬೈದು ಹಗುರಾಗಬಹುದಿತ್ತು.

ತಿಪಟೂರಿನಲ್ಲಿ ನಮ್ಮದು ಕೊಬ್ಬರಿ ಮಂಡಿ. ಮುಂದೆ ಮಂಡಿ, ಹಿಂದೆ ಮನೆ, ನಡುವೆ ಕಾಯಿ ಸುಲಿಯುವ ಅಂಗಳ. ತೋಟದಿಂದ ಬಂದ ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಮಲಗಿರಬೇಕು. ಒಳಗಿನ ನೀರೆಲ್ಲ ಇಂಗಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಎನ್ನುವ ತನಕ ಯಾರೂ ಅದನ್ನು ಮುಟ್ಟುವಂತಿಲ್ಲ. ನಮ್ಮ ಮನೆಯಲ್ಲಿ ಮನುಷ್ಯರನ್ನೂ ಹಾಗೇ ಇಡುತ್ತಿದ್ದರು. ಅತ್ತೆ ಯಜಮಾನಿ. ಆಮೇಲೆ ಭಾವ, ಅಕ್ಕ, ಅವರ ಇಬ್ಬರು ಮಕ್ಕಳು. ಕೊನೆಗೆ ನನ್ನ ಗಂಡ ಮತ್ತು ನಾನು. ಯಾವುದಕ್ಕೇ ಆಗಲಿ, ನಮ್ಮ ಸರದಿ ಆಮೇಲೆ.

ನಾನು ಚಿಕ್ಕನಾಯಕನಹಳ್ಳಿಯ ಕಡೆಯ ಹುಡುಗಿ. ಪಿಯುಸಿ ಮುಗಿಸಿದ್ದೆ. ತವರಿನಿಂದ ತಂದ ಟ್ರಂಕಿನ ತಳದಲ್ಲಿ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಇತ್ತು. ಯಾವುದೋ ಗೊಬ್ಬರದ ಅಂಗಡಿಯವರು ನಮ್ಮಪ್ಪನಿಗೆ ಕೊಟ್ಟದ್ದು. ಮೇಲೆ ಬೆಳ್ಳಗೆ ಹಿಮದ ಬೆಟ್ಟ, ಕೆಳಗೆ ಹಸಿರು ಹುಲ್ಲು, ಹುಲ್ಲಿನ ನಡುವೆ ಬೆಟ್ಟ ಹತ್ತುತ್ತಿರುವ ಕೆಂಪು ರೈಲು. ಸ್ವಿಟ್ಜರ್‌ಲೆಂಡ್ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ತಿಂಗಳು ತಾರೀಖಿನ ಭಾಗವನ್ನು ಕತ್ತರಿಸಿ ಹಾಕಿ ಚಿತ್ರವನ್ನು ಮಾತ್ರ ಉಳಿಸಿಕೊಂಡಿದ್ದೆ. ಗಂಡನ ಮನೆಗೆ ಬಂದ ಮೇಲೆ ಅದನ್ನು ಅಡಿಗೆಮನೆಯ ಬಾಗಿಲ ಹಿಂದೆ, ರಾಗಿಹಿಟ್ಟಿನ ಡಬ್ಬದ ಮೇಲ್ಗಡೆ ಅಂಟಿಸಿದೆ. ಬೆಳಿಗ್ಗೆ ಸಂಜೆ ಬಾಗಿಲು ಮುಚ್ಚಿಕೊಂಡು ಮುದ್ದೆ ತೊಳಸುವಾಗ ಎದುರಿಗೆ ಆ ಬೆಟ್ಟ. ಶಾಲೆಯ ಭೂಗೋಳದ ಪುಸ್ತಕದಲ್ಲಿ, ಲೈಬ್ರರಿಯ ಪತ್ರಿಕೆಗಳಲ್ಲಿ ಆ ಬೆಟ್ಟದ ವಿಷಯ ಏನು ಸಿಕ್ಕಿದರೂ ಓದಿ ಇಟ್ಟುಕೊಂಡಿದ್ದೆ. ಅಕ್ಕ ಅದನ್ನು ಕಣ್ಣೆತ್ತಿ ನೋಡಿದವಳಲ್ಲ. ಹಿಟ್ಟಿನ ಡಬ್ಬ ತೆಗೆಯುವಾಗ ಒಮ್ಮೆ ಅದಕ್ಕೆ ಮಸಿ ಕೈ ಒರೆಸಿದ್ದಳು. ಆ ಕಲೆ ಬೆಟ್ಟದ ಬಲಗಡೆ ಮೋಡದ ಹಾಗೆ ಉಳಿದುಕೊಂಡಿತ್ತು.

ಒಂದು ವರ್ಷ ಕೊಬ್ಬರಿ ಚೆನ್ನಾಗಿ ನಡೆಯಿತು. ಬೆಂಗಳೂರಿನ ಒಬ್ಬ ಟೂರಿನ ಏಜೆಂಟು ಊರಿನ ಮಂಡಿಗಳನ್ನೆಲ್ಲ ಸುತ್ತಿ, ಬೇಸಿಗೆಯಲ್ಲಿ ಯೂರೋಪಿಗೆ ಗುಂಪು ಹೊರಡುತ್ತದೆ, ಕನ್ನಡ ಬಲ್ಲ ಮೇಲ್ವಿಚಾರಕರು ಜೊತೆಗಿರುತ್ತಾರೆ, ಸಸ್ಯಾಹಾರ ಸಿಗುತ್ತದೆ ಎಂದೆಲ್ಲ ಹೇಳಿ ಹೋದ. ಆ ದಿನ ಭಾವ ಊಟಕ್ಕೆ ಕೂತವರು, "ನಾಲ್ಕು ಜನಾನೂ ಹೋಗ್ಬರಾಣ ಕಣವ್ವ. ಗುಮಾಸ್ತರು ಮಂಡಿ ನೋಡ್ಕೊತಾರೆ" ಎಂದು ಅತ್ತೆಗೆ ಹೇಳಿದರು. ನನ್ನ ಕೈಯಲ್ಲಿದ್ದ ಸಾರಿನ ಸೌಟು ನಿಂತುಹೋಯಿತು. ಅತ್ತೆ, "ಹೋಗ್ಬರ್ರಪ್ಪ. ಮಕ್ಕಳನ್ನ ನಾ ನೋಡ್ಕೊತೀನಿ" ಎಂದರು.

ಆಮೇಲಿನ ಎರಡು ಮೂರು ತಿಂಗಳಷ್ಟು ಸುಖವಾಗಿ ನಾನು ಯಾವತ್ತೂ ಇದ್ದದ್ದಿಲ್ಲ. ನಾಲ್ವರೂ ಸ್ಟುಡಿಯೋಗೆ ಹೋಗಿ ಪಾಸ್‌ಪೋರ್ಟಿನ ಫೋಟೋ ತೆಗೆಸಿಕೊಂಡೆವು. ಫೋಟೋದವನು ಅಕ್ಕನಿಗೆ, "ಉಸಿರು ಬುಡ್ರೀ ಅಕ್ಕಾವ್ರೇ" ಎಂದು ಎಷ್ಟು ಸಲ ಹೇಳಿದರೂ ಅವಳು ಉಸಿರು ಬಿಗಿಹಿಡಿದೇ ಕೂತಿದ್ದಳು. ವಿಚಾರಣೆಗೆ ಪೊಲೀಸಿನವರು ಮನೆಗೆ ಬಂದಾಗ, ಯಾರ ಮೇಲೆ ಏನು ಕೇಸೋ ಎಂದು ಎದುರು ಮನೆಯವರೆಲ್ಲ ಬೀದಿಗೆ ಬಂದು ನಿಂತರು. ಎಳನೀರು ಕುಡಿದು ಅವರು ಹೊರಟುಹೋದ ಮೇಲೂ ಒಬ್ಬಿಬ್ಬರು ನಿಂತೇ ಇದ್ದರು. ಪಾಸ್‌ಪೋರ್ಟು ಬಂದವು. ಏಜೆಂಟು ಅವನ್ನು ತೆಗೆದುಕೊಂಡು ಹೋಗಿ ದೇಶದೇಶದ ಮುದ್ರೆ ಒತ್ತಿಸಿಕೊಂಡು ಬಂದ. ನನ್ನ ಹೆಸರಿನ ಪುಸ್ತಕದಲ್ಲಿ ಆ ಬೆಟ್ಟದ ದೇಶದ ಮುದ್ರೆ ಇತ್ತು. ಅದನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ನೀನು ಬರಬಹುದು ಎಂದು ಆ ದೇಶದವರೇ ಒಪ್ಪಿಕೊಂಡಿದ್ದರು.

ಅಷ್ಟರಲ್ಲಿ ಗುಮಾಸ್ತರು ಅಟ್ಟದ ಏಣಿಯಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಪಾಪ, ಅವರೇನು ಬೇಕೆಂದು ಬೀಳಲಿಲ್ಲ. ಆದರೆ ಆಸ್ಪತ್ರೆಗೆ ನೋಡಲು ಹೋದಾಗ ಅವರ ಕಾಲಿನ ಪಟ್ಟಿಯನ್ನು ನಾನು ಎಂಥ ಕಣ್ಣಿನಿಂದ ನೋಡಿದೆನೋ, ಅವರ ಹೆಂಡತಿ ಕುರ್ಚಿ ತಂದು ನನ್ನನ್ನು ಸ್ವಲ್ಪ ದೂರವೇ ಕೂರಿಸಿದರು.

ಗುಮಾಸ್ತರಿಲ್ಲದೆ ಮಂಡಿ ನಡೆಯದು. ಹರಾಜಿನ ದಿನ ಅಣ್ಣತಮ್ಮಂದಿರಲ್ಲಿ ಒಬ್ಬರಾದರೂ ಇರಲೇಬೇಕು. ಮಾತು ಅತ್ತೆಯ ಮುಂದೆ ಹೋಯಿತು. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ, "ದೊಡ್ಡೋರು ಹೋಗ್ಬರ್ಲಿ. ಚಿಕ್ಕೋರು ಮುಂದಿನ ಸಲ ಹೋದ್ರಾಯ್ತು" ಎಂದುಬಿಟ್ಟರು. ಗುಂಪಿನಲ್ಲಿ ನಮ್ಮ ಮನೆಗೆ ಎರಡೇ ಜಾಗ ಉಳಿದವು.

ನಮ್ಮನೆಯವರು ಸುಮ್ಮನೆ ತಲೆ ಆಡಿಸಿದರು. ಅವರಿಗೆ ಬೇಸರವಿದ್ದರೂ ಅದು ಮುಖದವರೆಗೆ ಬರುತ್ತಿರಲಿಲ್ಲ. ನನಗೆ ಹಾಗಲ್ಲ. ಆ ದಿನ ನಾನು ಮಾಡಿದ ಮುದ್ದೆಯಲ್ಲಿ ಗಂಟು, ಸಾರಿಗೆ ಉಪ್ಪಿಲ್ಲ. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಒಂದು ಜಗಳವಾದರೂ ಆಗುತ್ತಿತ್ತು.

ಮರುದಿನ ಬೆಳಿಗ್ಗೆ ಅಕ್ಕನೇ ಒಂದು ದಾರಿ ತೆರೆದಳು. ಅವಳಿಗೆ ವಿಮಾನವೆಂದರೆ ಭಯ, ಚಳಿಯೆಂದರೆ ಭಯ, ಗೊತ್ತಿಲ್ಲದವರ ಅಡಿಗೆಯೆಂದರೆ ಇನ್ನೂ ಭಯ. "ನಾ ಹೋಗಾಕಿಲ್ಲ ಕಣೇ. ನಂಗ್ಯಾಕೆ ಆ ಊರು? ನೀವಿಬ್ರೂ ಹೋಗ್ಬನ್ನಿ" ಎಂದು ಒಲೆಯ ಮುಂದೆ ಕೂತು ಕಣ್ಣೊರೆಸಿಕೊಂಡಳು. ಭಾವ ಕೇಳಿಸಿಕೊಂಡು, "ಅವಳು ಬರದಿದ್ರೆ ನಾನೊಬ್ನೇ ಹೋಗಿ ಏನ್ಮಾಡ್ಲಿ? ಹೆಸರು ಬದಲಾಯಿಸಾಕೆ ಇನ್ನೂ ಟೈಮೈತೆ ಅಂತ ಏಜೆಂಟು ಹೇಳ್ಯವ್ನೆ. ಅವಳು ಒಪ್ಪದಿದ್ರೆ ತಮ್ಮ, ನೀವಿಬ್ರೂ ಹೋಗಿ" ಎಂದರು.

ಅಂದಿನಿಂದ ನನ್ನ ಜೀವ ಅಕ್ಕನ ಬಾಯಿಯ ಮೇಲೆ ನಿಂತಿತು. ಅವಳು 'ಒಲ್ಲೆ' ಎಂದ ದಿನ ನನಗೆ ಹಬ್ಬ, 'ನೋಡಾಣ' ಎಂದ ದಿನ ಸೂತಕ.

ಅವಳನ್ನು ಸಜ್ಜು ಮಾಡುವ ಕೆಲಸ ಬಿದ್ದದ್ದು ಮಾತ್ರ ನನ್ನ ತಲೆಗೆ. ಓದಿದವಳು ಮನೆಯಲ್ಲಿ ಇನ್ಯಾರಿದ್ದರು? ಏಜೆಂಟು ಕೊಟ್ಟ ಸೂಚನೆಯ ಹಾಳೆ ಇಂಗ್ಲಿಷಿನಲ್ಲಿತ್ತು. ಕಾಲಿಗೆ ಬೂಟು, ಮೈಗೆ ಉಣ್ಣೆ, ಒಬ್ಬೊಬ್ಬರಿಗೆ ಇಪ್ಪತ್ತು ಕೆಜಿ ಸಾಮಾನು, ಡಬ್ಬಗಳ ಮೇಲೆಲ್ಲ ಇಂಗ್ಲಿಷಿನಲ್ಲಿ ಚೀಟಿ. ಓದಿ ಹೇಳಿದವಳು ನಾನು, ಕೇಳಿ ಅಳುತ್ತಿದ್ದವಳು ಅವಳು.

ಮೊದಲು ಬೂಟಿನ ಪಾಠ. ಅಂಗಳದಲ್ಲಿ ಸಿಪ್ಪೆಯ ರಾಶಿಯ ಸುತ್ತ ಕ್ಯಾನ್ವಾಸ್ ಬೂಟು ಹಾಕಿಸಿ ನಡೆಸುತ್ತಿದ್ದೆ. ಕಾಲುಚೀಲ ಅವಳ ಕಾಲುಂಗುರಕ್ಕೆ ಸಿಕ್ಕಿ ಹರಿದುಬಿಡುತ್ತಿತ್ತು. ಕಾಲುಂಗುರ ತೆಗೆಯುವ ಮಾತನ್ನು ಬಾಯಲ್ಲಿ ಆಡುವ ಹಾಗೂ ಇಲ್ಲ. ಎರಡು ಜೊತೆ ಚೀಲ ಹಾಳಾದ ಮೇಲೆ ನಾನೇ ಹಳೆಯ ಪಂಚೆಯ ಮೆತ್ತನೆ ಬಟ್ಟೆಯಲ್ಲಿ ಬೆರಳಿಗೆ ಸಣ್ಣ ಸಣ್ಣ ಟೋಪಿ ಹೊಲಿದುಕೊಟ್ಟೆ. ಉಂಗುರದ ಮೇಲೆ ಟೋಪಿ, ಟೋಪಿಯ ಮೇಲೆ ಕಾಲುಚೀಲ, ಅದರ ಮೇಲೆ ಬೂಟು. ಸುಲಿಯುವ ಆಳುಗಳು ಕೆಲಸ ನಿಲ್ಲಿಸಿ, "ಅಕ್ಕಾವ್ರು ಮಿಲ್ಟ್ರಿಗೆ ಸೇರ್ತಾವ್ರೆ ಕಣ್ಲಾ" ಎಂದು ನಗುತ್ತಿದ್ದರು. ಅಕ್ಕನೂ ನಕ್ಕಳು. ನನಗೆ ನಗು ಬರಲಿಲ್ಲ. ಆ ಬೂಟನ್ನು ಅವಳು ಬಿಚ್ಚಿಟ್ಟಾಗ ನಾನು ಒಂದು ಸಲ ಹಾಕಿಕೊಂಡು ನೋಡಿದೆ. ಸರಿಯಾಗಿ ಕೂತಿತು. ಒಂದೂ ತಪ್ಪುಹೆಜ್ಜೆ ಇಡದೆ ಬಾವಿಯವರೆಗೆ ಹೋಗಿಬಂದೆ.

ಆಮೇಲೆ ಮುಳ್ಳುಚಮಚದ ಪಾಠ. ಉಪ್ಪಿಟ್ಟು ಹಾಕಿ ಕೊಟ್ಟರೆ ಅದು ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಮಡಿಲಿಗೆ ಉದುರುತ್ತಿತ್ತು. "ಕೈ ಇರಾದು ಯಾಕೆ ಹಂಗಾದ್ರೆ?" ಎಂದು ಅತ್ತೆ ಕೇಳಿದರು. ಬೆಳಿಗ್ಗೆ ಬೇಗ ಬಸ್ಸು ಹೊರಡುವುದಾದರೆ ಲಿಂಗಪೂಜೆ ಹೇಗೆ, ಪೂಜೆಯಿಲ್ಲದೆ ಬಾಯಿಗೆ ನೀರು ಬಿಟ್ಟುಕೊಳ್ಳುವುದು ಹೇಗೆ ಎಂಬುದು ಅವಳ ಇನ್ನೊಂದು ಚಿಂತೆ. ಅದಕ್ಕೂ ಹೊತ್ತು ಹೊಂದಿಸಿಕೊಟ್ಟವಳು ನಾನೇ. ಎಲ್ಲರಿಗಿಂತ ಮುಂಚೆ ಎದ್ದರೆ ಬಿಸಿನೀರೂ ಸಿಗುತ್ತದೆ, ಬಚ್ಚಲೂ ಖಾಲಿ ಇರುತ್ತದೆ ಎಂದೆ. ಆ ಊರಿನ ಬಚ್ಚಲುಗಳಲ್ಲಿ ಚೊಂಬು ಇರುವುದಿಲ್ಲ ಎಂದು ತಿಳಿದಾಗ ಅವಳು ಅರ್ಧ ದಿನ ಯಾರ ಜೊತೆಗೂ ಮಾತಾಡಲಿಲ್ಲ. ಸಂತೆಯಲ್ಲಿ ಒಂದು ಪ್ಲಾಸ್ಟಿಕ್ ಚೊಂಬು ತರಿಸಿ ಪೆಟ್ಟಿಗೆಯಲ್ಲಿ ಇಟ್ಟ ಮೇಲೆ ಸಮಾಧಾನವಾಯಿತು.

ಸ್ವೆಟರು ಹೆಣೆದವಳೂ ನಾನೇ. ಬೆಂಗಳೂರಿನಿಂದ ಉಣ್ಣೆ ತರಿಸಿದ್ದರು, ಬದನೆಕಾಯಿ ಬಣ್ಣದ್ದು. ಅಕ್ಕ ಅಳತೆಗೆ ನಿಲ್ಲಲು ಯಾವಾಗ ಕರೆದರೂ "ಆಮ್ಯಾಕೆ ಬತ್ತೀನಿ" ಎನ್ನುತ್ತಿದ್ದಳು. ಸರಿ, ನನ್ನ ಅಳತೆಗೇ ಹೆಣೆದೆ. ಯಾರಿಗೆ ಗೊತ್ತು, ಕೊನೆಗೆ ಹಾಕಿಕೊಳ್ಳುವವಳು ನಾನೇ ಆಗಬಹುದಲ್ಲ. ಮೇ ತಿಂಗಳ ಸೆಕೆಯಲ್ಲಿ ತೊಡೆಯ ಮೇಲೆ ಉಣ್ಣೆ ಹರಡಿಕೊಂಡು, ಬೆವರು ಒರೆಸಿಕೊಳ್ಳುತ್ತ, ಒಂದೊಂದು ಸಾಲಿಗೂ ಆಸೆಪಟ್ಟುಕೊಂಡೇ ಹೆಣೆದೆ.

ಇಷ್ಟೆಲ್ಲ ಮಾಡಿದವಳು ಒಂದು ಪಾಠವನ್ನಾದರೂ ತಪ್ಪು ಹೇಳಿಕೊಡಬಹುದಿತ್ತು. ಅದು ನನ್ನಿಂದ ಆಗಲಿಲ್ಲ. ಒಳ್ಳೆಯತನವಲ್ಲ, ಜಂಬ. ಈ ಮನೆಯಲ್ಲಿ ಇದನ್ನೆಲ್ಲ ಬಲ್ಲವಳು ನಾನೊಬ್ಬಳೇ ಎನ್ನುವುದು ನನಗೆ ಉಳಿದಿದ್ದ ಒಂದೇ ಆಸ್ತಿ. ಅದರಲ್ಲಿ ಸೋಲುವುದು ಹೇಗೆ?

ಅವಳು ಹೆದರಿದಾಗೆಲ್ಲ ಅಡಿಗೆಮನೆಯ ಬಾಗಿಲು ಮುಚ್ಚಿ ಕ್ಯಾಲೆಂಡರಿನ ಬೆಟ್ಟವನ್ನು ತೋರಿಸುತ್ತಿದ್ದೆ. ಹೆದರಿಕೆ ಹೋಗಲಿ ಎಂದಲ್ಲ, ಅದರ ಬಗ್ಗೆ ಮಾತಾಡಲು ನನಗೆ ಒಂದು ನೆಪ ಬೇಕಿತ್ತು. "ಇಲ್ಲಿ ನೋಡಕ್ಕ, ರೈಲು ಮೊದಲು ಹುಲ್ಲಿನ ನಡುವೆ ಹೋಗ್ತದೆ. ದನದ ಕೊರಳಿನ ಗಂಟೆ ಕೇಳಿಸ್ತದೆ. ಆಮೇಲೆ ಸುರಂಗ. ಕತ್ತಲೆ ಅಂತ ಹೆದರ್ಬೇಡ. ಸುರಂಗ ಮುಗಿದ ತಕ್ಷಣ ಕಣ್ಣು ಮುಚ್ಕೊಳ್ಳೋ ಅಷ್ಟು ಬೆಳಕು. ಹಿಮದ ಮೇಲೆ ಬಿಸಿಲು ಬಿದ್ದಿರ್ತದಲ್ಲ, ಅದಕ್ಕೆ" ಎಂದು ಹೇಳುತ್ತಿದ್ದೆ. ಓದಿದ್ದು ಸ್ವಲ್ಪ, ಊಹಿಸಿದ್ದು ಬಹಳ. ಅವಳು ಗಲ್ಲಕ್ಕೆ ಕೈ ಕೊಟ್ಟು ಕೇಳುತ್ತಿದ್ದಳು. "ನೀನು ಹೇಳಿದ್ರೆ ಹೋಗಾಣ ಅನ್ನಿಸ್ತದೆ ಕಣೇ" ಎಂದಳು ಒಂದು ದಿನ. ಅವತ್ತೇ ನಾನು ಬಾಯಿ ಮುಚ್ಚಿಕೊಳ್ಳಬೇಕಿತ್ತು.

ಏಜೆಂಟಿಗೆ ಟ್ರಂಕ್ ಕಾಲ್ ಮಾಡಿ ಕೊನೆಯ ಹೆಸರುಗಳನ್ನು ಹೇಳುವ ದಿನ ಹತ್ತಿರ ಬಂತು. ಅದರ ಹಿಂದಿನ ದಿನ ಒಳ್ಳೆಯ ದಿನ ಎಂದು ಅತ್ತೆ ಬೀದಿಯ ಮುತ್ತೈದೆಯರನ್ನೆಲ್ಲ ಮಧ್ಯಾಹ್ನ ಅರಿಸಿನ ಕುಂಕುಮಕ್ಕೆ ಕರೆದರು. ಯೂರೋಪಿಗೆ ಹೋಗುವ ಹೆಂಗಸಿಗೆ ಏನು ಶಾಸ್ತ್ರ ಮಾಡಬೇಕು ಎಂದು ತಿಪಟೂರಿನಲ್ಲಿ ಯಾರಿಗೆ ಗೊತ್ತಿತ್ತು? ತವರಿನಿಂದ ಹೊರಡುವ ಮಗಳಿಗೆ ಮಾಡುವುದನ್ನೇ ಮಾಡಿದರು. ಮಡಿಲು ತುಂಬಿದರು.

ಒಬ್ಬೊಬ್ಬರೇ ಬಂದು ಅಕ್ಕನ ಸೆರಗಿಗೆ ಅಕ್ಕಿ, ಬೆಲ್ಲ, ಎಲೆ ಅಡಿಕೆ, ರವಿಕೆ ಕಣ, ಜುಟ್ಟಿನ ತೆಂಗಿನಕಾಯಿ ಹಾಕಿದರು. ನಮ್ಮದು ತೆಂಗಿನ ಸೀಮೆ. ಒಂದು ಕಾಯಿ ಹಾಕಲು ಯಾರಿಗೆ ಮನಸ್ಸು ಬರುತ್ತದೆ? ಜೋಡಿ ಕಾಯಿಯೇ ಹಾಕಿದರು. ತೋಟವಿದ್ದವರು ದಪ್ಪದಪ್ಪನೆಯದನ್ನು ಆರಿಸಿ ತಂದಿದ್ದರು. ಮಂಡಿಯವರ ಮನೆಯ ಹೆಂಗಸರು ಜೊತೆಗೆ ಕೊಬ್ಬರಿ ಗಿಟುಕನ್ನೂ ಸೇರಿಸಿದರು. ಮನೆಯ ಸೊಸೆಯಾಗಿ ನಾನೂ ಹಾಕಲೇಬೇಕಿತ್ತು. ಒಂದು ಸಾಧಾರಣ ಕಾಯಿ ತೆಗೆದುಕೊಂಡು, ಮುಖ ಬಿಗಿದುಕೊಂಡೇ ಹಾಕಿದೆ. ಸಂಜೆಯ ಹೊತ್ತಿಗೆ ನಡುಮನೆಯ ಚಾಪೆಯ ಮೇಲೆ ಕಾಯಿಯ ರಾಶಿಯೇ ಬಿದ್ದಿತ್ತು.

ಮಂಡಿಯಿಂದ ಒಳಗೆ ಬಂದ ಭಾವ ಅದನ್ನು ನೋಡಿ, "ಇದೇನೇ ಇದು, ಅಲ್ಲೇನು ಅಂಗಡಿ ಇಡ್ತೀಯಾ?" ಎಂದು ನಕ್ಕರು.

"ಮಡಿಲಿಗೆ ಹಾಕಿದ್ದು ಕಣ್ರೀ. ಪೆಟ್ಟಿಗೇಲಿ ಇಡ್ಬೇಕು."

"ಇಪ್ಪತ್ತು ಕೆಜಿ ಅಂದವ್ರೆ. ಇದೇ ಐವತ್ತಾಯ್ತದೆ. ಇಲ್ಲೇ ಬುಡು, ಸಾರಿಗೆ ಆಯ್ತದೆ."

ಅಕ್ಕ ಎದ್ದು ನಿಂತಳು. "ಮಡಿಲು ಬುಟ್ಟು ನಾನು ಹೊಸ್ತಿಲು ದಾಟಾಕಿಲ್ಲ" ಎಂದಳು.

ಭಾವನಿಗೆ ಅದು ಹಟ ಎಂದು ಕಂಡಿತು. ನನಗೆ ಗೊತ್ತಿತ್ತು, ಅದು ಹಟವಲ್ಲ. ಮದುವೆಯಾದ ಹೊಸದರಲ್ಲಿ ಅವಳು ಬಸುರಿಯಾಗಿ ದಬ್ಬೇಘಟ್ಟದ ಕಡೆಯ ತನ್ನ ತವರಿನಿಂದ ವಾಪಸು ಬರುವಾಗ, ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸು ಬದಲಾಯಿಸುವ ಗಡಿಬಿಡಿಯಲ್ಲಿ ಮಡಿಲಿನ ಗಂಟನ್ನು ಸೀಟಿನ ಕೆಳಗೇ ಬಿಟ್ಟು ಇಳಿದುಬಿಟ್ಟಿದ್ದಳಂತೆ. ಮನೆಗೆ ಬಂದ ವಾರದಲ್ಲಿ ಬಸಿರು ಹೋಯಿತು. ಆ ಬಸ್ಸಿನ ಹಿಂದೆ ರಸ್ತೆಯಲ್ಲಿ ಓಡಿದ್ದನ್ನು ಅವಳು ನನಗೆ ಒಮ್ಮೆ ಅಕ್ಕಿ ಆರಿಸುತ್ತ ಹೇಳಿದ್ದಳು. ಗಂಡನಿಗೆ ಹೇಳಿರಲಿಲ್ಲ. ಆಮೇಲೆ ಎರಡು ಮಕ್ಕಳಾದರೂ ಅವಳ ಭಯ ಹೋಗಿರಲಿಲ್ಲ.

"ಹಂಗಾದ್ರೆ ಬರಾಕಿಲ್ವಾ? ನಾಳೆ ಫೋನ್ ಮಾಡಿ ಏನಂತ ಹೇಳ್ಲಿ?" ಭಾವನ ದನಿ ಏರಿತು.

"ನಾ ಬರಾಕಿಲ್ಲ. ಅವರಿಬ್ರ ಹೆಸರು ಹೇಳಿ" ಎಂದು ಅಕ್ಕ ನನ್ನ ಕಡೆ ಕೈ ತೋರಿಸಿದಳು.

ಭಾವ ತಿರುಗಿ ನನ್ನ ಗಂಡನನ್ನು ನೋಡಿದರು. ನಮ್ಮನೆಯವರು ಎಂದಿನಂತೆ ನೆಲ ನೋಡಿದರು. ಹೋಗದೆ ಉಳಿದಿದ್ದ ನಾಲ್ಕೈದು ಹೆಂಗಸರು ಕಿವಿಗೊಟ್ಟು ಕೂತಿದ್ದರು. ಕೆಂಪು ರೈಲು ಆಗಲೇ ನನ್ನನ್ನು ಹತ್ತಿಸಿಕೊಂಡಿತ್ತು.

ಆಗ ಮೂಲೆಯಲ್ಲಿ ಕೂತಿದ್ದ ಅತ್ತೆ ಬಾಯಿ ತೆರೆದರು. "ಯಾಕ್ ಇಂಗಾಡ್ತೀಯೇ? ಒಂದೇ ಒಲೇಲಿ ಬೇಯ್ಸಿ ಉಣ್ಣೋ ಸೊಸೇರು ನೀವು. ಮಡಿಲನ್ನ ಬುಟ್ಟೋಗ್ಬೇಡ, ಅವಳ ಮಡಿಲಿಗೆ ಹಾಕು. ಅವಳ ಮಡಿಲಲ್ಲಿದ್ರೆ ನಿನ್ನ ಮಡಿಲಲ್ಲಿ ಇದ್ದಂಗೇಯಾ. ಮನೇಲೇ ಇರ್ತದೆ, ಬಂದು ಉಣ್ಣುವಂತೆ."

ಅಂಥದ್ದೊಂದು ಶಾಸ್ತ್ರ ಇತ್ತೋ, ಅಥವಾ ಅತ್ತೆ ಆ ಕ್ಷಣದಲ್ಲಿ ಹುಟ್ಟಿಸಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೂತಿದ್ದ ಹೆಂಗಸರೆಲ್ಲ "ಹೂಂ ಕಣವ್ವ, ಅದು ಸರಿ" ಎಂದು ತಲೆ ಆಡಿಸಿದರು. ಅಕ್ಕ ಬಗ್ಗಿ, ಸೆರಗಿನ ತುಂಬ ಕಾಯಿ ತುಂಬಿಕೊಂಡು ನನ್ನ ಮುಂದೆ ಬಂದು ನಿಂತಳು. "ಹಿಡ್ಕೊತೀಯೇನೇ?" ಎಂದು ಕೇಳಿದಳು.

ಹಿಡಿ ಎಂದು ಹೇಳಲಿಲ್ಲ, ಹಿಡಿದುಕೊಳ್ಳುತ್ತೀಯಾ ಎಂದು ಕೇಳಿದಳು. ನಾನು ಸೆರಗು ಒಡ್ಡದಿದ್ದರೆ ಅವಳು ಹೋಗುತ್ತಿರಲಿಲ್ಲ. ನನಗೆ ಮೈ ಸರಿಯಿಲ್ಲ ಎಂದರೆ ಸಾಕಿತ್ತು, ಮುಟ್ಟಾಗಿದ್ದೇನೆ ಎಂದು ಒಂದು ಸುಳ್ಳು ಹೇಳಿದರೆ ಸಾಕಿತ್ತು. ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವಳ ಕಣ್ಣನ್ನು ನೋಡಬಾರದಿತ್ತು, ನೋಡಿದೆ. ಆ ಬಸ್ಸಿನ ಹಿಂದೆ ಓಡಿದ ಹುಡುಗಿ ಇನ್ನೂ ಅಲ್ಲೇ ಇದ್ದಳು.

ಸೆರಗು ಒಡ್ಡಿದೆ. ಕಾಯಿಗಳು ಒಂದರ ಮೇಲೊಂದು ಬಿದ್ದವು. ಅಕ್ಕಿ ಬಿತ್ತು, ಬೆಲ್ಲ ಬಿತ್ತು. ಭಾರಕ್ಕೆ ನಾನು ಅಲ್ಲೇ ಕುಸಿದು ಕೂತೆ. ಎಲ್ಲರೂ ನಕ್ಕರು. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಅವರು ನಗುವಿನ ನೀರು ಎಂದುಕೊಂಡರು. ದೂರದ ಪ್ರಯಾಣಕ್ಕೆ ಹರಸಿ ಇಡೀ ಬೀದಿ ಕೊಟ್ಟ ಮಡಿಲು ಈಗ ಮನೆಯಲ್ಲೇ ಉಳಿಯುವವಳ ತೊಡೆಯ ಮೇಲಿತ್ತು.

ಕೊನೆಯಲ್ಲಿ ಅಕ್ಕ ರಾಶಿಯಿಂದ ಒಂದೇ ಒಂದು ಕಾಯಿಯನ್ನು ತೆಗೆದುಕೊಂಡಳು. "ಇದೊಂದು ನನ್ನ ಜೊತೆ ಬತ್ತದೆ" ಎಂದಳು. ಅದು ನಾನು ಹಾಕಿದ ಕಾಯಿ. ಜುಟ್ಟು ಸ್ವಲ್ಪ ಸೊಟ್ಟಗಿದ್ದದ್ದರಿಂದ ಗುರುತು ಸಿಕ್ಕಿತು. ಭಾವ "ಒಂದಾದ್ರೆ ಆಯ್ತು" ಎಂದು ಒಪ್ಪಿದರು. ಮರುದಿನ ಬೆಳಿಗ್ಗೆ ಟ್ರಂಕ್ ಕಾಲ್ ಹೋಯಿತು.

ಉಳಿದ ದಿನಗಳು ಹುರಿಯುವುದು, ಕುಟ್ಟುವುದು, ಕಟ್ಟುವುದರಲ್ಲೇ ಕಳೆದುಹೋದವು. ಕೊಬ್ಬರಿ ಚಟ್ನಿಪುಡಿ, ಹುರಿಹಿಟ್ಟು, ಒಗ್ಗರಣೆ ಅವಲಕ್ಕಿ, ನಿಂಬೆ ಉಪ್ಪಿನಕಾಯಿ, ಎಲ್ಲವನ್ನೂ ಡಬ್ಬಕ್ಕೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿ, ಒಂದೊಂದಕ್ಕೂ ಇಂಗ್ಲಿಷಿನಲ್ಲಿ ಚೀಟಿ ಬರೆದು ಅಂಟಿಸಿದೆ. ವಿಭೂತಿಯ ಡಬ್ಬಕ್ಕೆ ಏನು ಬರೆಯುವುದು ಎಂದು ಗೊತ್ತಾಗಲಿಲ್ಲ. ವಿಮಾನದವರು ಏನೋ ಪುಡಿ ಎಂದು ಅನುಮಾನಪಟ್ಟಾರು ಎಂದು 'ಹೋಲಿ ಆಶ್' ಎಂದು ದೊಡ್ಡ ಅಕ್ಷರದಲ್ಲಿ ಬರೆದೆ. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಆ ಚಳಿಗೆ ಕಲ್ಲಾಗುತ್ತದೆ, ಬಾಯಿ ಅಗಲವಿರುವ ಡಬ್ಬಕ್ಕೆ ಹಾಕು ಎಂದು ಹೇಳಿದವಳೂ ನಾನೇ. ಸ್ವೆಟರು ಅಕ್ಕನಿಗೆ ಎದೆಯ ಹತ್ತಿರ ಬಿಗಿಯಾಯಿತು, ಗುಂಡಿ ಹಾಕಲಾಗಲಿಲ್ಲ. "ಇರ್ಲಿ ಬುಡು, ಬಿಚ್ಚಿಕೊಂಡೇ ಹಾಕ್ಕೊತೀನಿ" ಎಂದಳು.

ರೈಲ್ವೆ ಸ್ಟೇಷನ್ನಿಗೆ ಎಲ್ಲರೂ ಹೋದೆವು. ಅಕ್ಕ ಬೂಟು ಹಾಕಿಕೊಂಡು, ಒಂದು ಕೈಯಲ್ಲಿ ಕಾಯಿಯ ಚೀಲ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಸೀರೆಯ ನೆರಿಗೆ ಎತ್ತಿಕೊಂಡು, ನಾನು ಕಲಿಸಿದ ಹಾಗೆಯೇ ಹಿಮ್ಮಡಿ ಮೊದಲು ಊರಿ ನಡೆದಳು. ಎಷ್ಟು ಚೆನ್ನಾಗಿ ನಡೆದಳೆಂದರೆ ನನಗೆ ಸಿಟ್ಟು ಬಂತು. ಬೆಂಗಳೂರಿನ ಗಾಡಿ ಹೊರಟ ಮೇಲೆ ನಮ್ಮನೆಯವರು, "ಮುಂದಿನ ಸಲ ನಾವು" ಎಂದರು. ನಾನು ಮುಂದೆ ಮುಂದೆ ನಡೆದುಬಿಟ್ಟೆ.

ಅವರು ಬರುವ ತನಕ ಮನೆಯಲ್ಲಿ ಕಾಯಿಯದೇ ಅಡಿಗೆ. ಬಂದು ಉಣ್ಣಲಿ ಎಂದು ಕೆಲವನ್ನು ಎತ್ತಿಟ್ಟು, ಕೆಡುವ ಹಾಗಿದ್ದವನ್ನೆಲ್ಲ ಒಡೆಯಲು ಅತ್ತೆ ಹೇಳಿದರು. ಕಾಯಿ ಚಟ್ನಿ, ಕಾಯಿ ಹೋಳಿಗೆ, ಕಾಯಿ ಸಾಸಿವೆ. ಒಂದೊಂದನ್ನು ಒಡೆಯುವಾಗಲೂ ಈಗ ಅವಳು ಎಲ್ಲಿರಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಇವತ್ತು ಲಂಡನ್ನು, ಇವತ್ತು ಪ್ಯಾರಿಸ್ಸು. ಬೆಟ್ಟದ ದಿನ ನನಗೆ ಜ್ವರ ಬಂತು. ಎಲ್ಲರೂ ಸೆಕೆಗೆ ಎಂದರು.

ಅವರು ವಾಪಸು ಬಂದಾಗ ಮನೆಯ ತುಂಬ ಜನ. ಭಾವ ಎತ್ತರದ ಗೋಪುರ, ಅಗಲದ ರಸ್ತೆ, ನೀರಿನ ಮೇಲೆ ಕಟ್ಟಿದ ಊರು ಎಂದು ಹೇಳುತ್ತಲೇ ಇದ್ದರು. ಅಕ್ಕ ಸೀದಾ ಅಡಿಗೆಮನೆಗೆ ಬಂದು ನೆಲದ ಮೇಲೆ ಕಾಲು ಚಾಚಿ ಕೂತಳು. ಬಿಸಿ ಮುದ್ದೆ ಕೇಳಿದಳು. ಎರಡು ತುತ್ತು ನುಂಗಿ ಕಣ್ಣು ಮುಚ್ಚಿದಳು. ನಾನು ಕೇಳಬಾರದು ಎಂದು ಹಲ್ಲು ಕಚ್ಚಿಕೊಂಡಿದ್ದೆ. ಆಗಲಿಲ್ಲ.

"ಬೆಟ್ಟ ಹೆಂಗಿತ್ತಕ್ಕ?"

ಅವಳು ಬಾಗಿಲ ಹಿಂದಿನ ಚಿತ್ರದ ಕಡೆ ಗಲ್ಲ ಎತ್ತಿ ತೋರಿಸಿದಳು. "ನೀ ಹೇಳ್ದಂಗೇ ಇತ್ತು ಕಣೇ. ಹುಲ್ಲು, ದನದ ಗಂಟೆ, ಆಮ್ಯಾಕೆ ಸುರಂಗ. ಹೊರಗೆ ಬಂದೇಟಿಗೆ ಆ ಬೆಳಕು. ಗಾಡೀಲಿದ್ದೋರೆಲ್ಲ ಕೂಗಾಡ್ಬುಟ್ರು. ನಾ ಏನೂ ಅನ್ಲಿಲ್ಲ. ನಂಗೆ ಮೊದ್ಲೇ ಗೊತ್ತಿತ್ತಲ್ಲ."

ನಾನು ಒಲೆಯ ಕಡೆ ತಿರುಗಿಕೊಂಡೆ. ನೀನು ಹೇಳಿದ ಹಾಗೆ ಇರಲೇ ಇಲ್ಲ ಎಂದಿದ್ದರೆ, ನೋಡದೆ ಉಳಿದದ್ದು ಬೇರೆ ಏನೋ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನಾನು ಊಹಿಸಿದ ದನದ ಗಂಟೆ ಕೂಡ ಅಲ್ಲಿ ಇತ್ತಂತೆ. ಅಷ್ಟು ಸರಿಯಾಗಿ ಬಲ್ಲವಳು ಇಲ್ಲಿ ಕೂತು ಮುದ್ದೆ ಕಟ್ಟುತ್ತಿದ್ದಳು.

ಆಮೇಲೆ ಫೋಟೋಗಳು ತೊಳೆದು ಬಂದಾಗ ನೋಡಿದೆ. ಹಿಮದ ಮೇಲೆ ಭಾವನ ಪಕ್ಕ ಅಕ್ಕ ನಿಂತಿದ್ದಾಳೆ. ಗುಂಡಿ ಹಾಕದ ನನ್ನ ಸ್ವೆಟರು, ಬೂಟಿನೊಳಗೆ ನಾನು ಹೊಲಿದ ಟೋಪಿಗಳು, ಕೈಯಲ್ಲಿ ಉಬ್ಬಿಕೊಂಡ ಚೀಲ. ಚೀಲದಲ್ಲಿ ನನ್ನ ಕಾಯಿ. ಹೋಟೆಲಿನಲ್ಲಿ ಬಿಟ್ಟು ಹೋದರೆ ಕಳೆದೀತು ಎಂದು ಬೆಟ್ಟದ ಮೇಲಕ್ಕೂ ಹೊತ್ತುಕೊಂಡು ಹೋಗಿದ್ದಳಂತೆ. ನನ್ನದು ಎನ್ನುವುದೆಲ್ಲ ಆ ಬೆಟ್ಟ ಹತ್ತಿ ಇಳಿದಿತ್ತು, ನನ್ನನ್ನು ಬಿಟ್ಟು.

ಮುಂದಿನ ಸಲ ಬರಲಿಲ್ಲ. ಒಂದು ವರ್ಷ ಕಾಯಿ ಕಡಿಮೆ, ಇನ್ನೊಂದು ವರ್ಷ ಅತ್ತೆಗೆ ಹುಷಾರಿಲ್ಲ, ಆ ಏಜೆಂಟು ಮತ್ತೆ ಈ ಕಡೆ ಸುಳಿಯಲಿಲ್ಲ. ಆಮೇಲೆ ಯಾರೂ ಆ ಮಾತೆತ್ತಲಿಲ್ಲ. ಪಾಸ್‌ಪೋರ್ಟು ಬೀರುವಿನಲ್ಲಿದೆ. ಮನೆಗೆ ಬಂದವರನ್ನು ಅಕ್ಕ ಈಗಲೂ ಅಡಿಗೆಮನೆಗೆ ಕರೆದುಕೊಂಡು ಬಂದು, ಬಾಗಿಲು ಮುಚ್ಚಿ, ನನ್ನ ಕ್ಯಾಲೆಂಡರ್ ತೋರಿಸಿ, "ಇಲ್ಲಿಗೇ ಹೋಗಿದ್ದು ನಾವು" ಎನ್ನುತ್ತಾಳೆ.

ಆದರೆ ನಾನು ಹೇಳಬೇಕಾದದ್ದು ಅವರು ವಾಪಸು ಬಂದ ದಿನದ ಮಾತು. ಮುದ್ದೆ ಉಂಡು ಕೈ ತೊಳೆದ ಅಕ್ಕ ಚೀಲದಿಂದ ಕಾಯಿ ತೆಗೆದು ನನ್ನ ಕೈಗೆ ಕೊಟ್ಟಳು. "ತಗೋ, ನಿನ್ನ ಕಾಯಿ. ಜ್ವಾಪಾನವಾಗಿ ತಂದೀನಿ" ಎಂದಳು. ಅದೇ ಸೊಟ್ಟ ಜುಟ್ಟು. ಅಭ್ಯಾಸಬಲದಿಂದ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ನೀರು ಇನ್ನೂ ಕುಲುಕುತ್ತಿತ್ತು.

ಮಡಿಲಿನ ಕಾಯಿ ಮನೆಮಂದಿಯೇ ತಿನ್ನಬೇಕು. ಸಂಜೆ ಅದನ್ನು ಒಡೆದು, ತುರಿದು, ರುಬ್ಬಿ ಕಾಯಿಹಾಲು ತೆಗೆದೆ. ಬೆಲ್ಲ, ಏಲಕ್ಕಿ ಹಾಕಿ, ಒತ್ತುಶಾವಿಗೆಯ ಮೇಲೆ ಎಲ್ಲರಿಗೂ ಬಡಿಸಿದೆ. "ಯೂರೋಪ್ ನೋಡ್ಕಂಡ್ ಬಂದ ಕಾಯಿ ಕಣ್ರಪ್ಪ" ಎಂದು ಭಾವ ನಗಿಸಿದರು. ಅಕ್ಕ ಎರಡು ಸಲ ಹಾಕಿಸಿಕೊಂಡಳು. ಎಲ್ಲರದೂ ಮುಗಿದ ಮೇಲೆ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಹಾಕಿಕೊಂಡು ನಾನು ಒಬ್ಬಳೇ ಕೂತೆ. ನಿಧಾನವಾಗಿ ಕುಡಿದೆ. ಹಿಮದ ಮೇಲೆ ಹೋಗಿಬಂದದ್ದಲ್ಲವೇ, ಏನಾದರೂ ಅಂಟಿಕೊಂಡಿರಬೇಕು ಎಂದು ನಾಲಿಗೆಯ ಮೇಲೆ ನಿಲ್ಲಿಸಿಕೊಂಡು ನೋಡಿದೆ. ನಮ್ಮ ತೋಟದ ಕಾಯಿಯ ರುಚಿಯೇ ಇತ್ತು. ತಳವನ್ನು ಬೆರಳಿನಲ್ಲಿ ಬಳಿದು ನೋಡಿದೆ, ಬೇರೆ ಏನೂ ಇರಲಿಲ್ಲ.